ಅಣ್ಣನ ಐದು ಗೆರೆ

ಜೂನ್ 4, ಬುಧವಾರ

ಇವತ್ತು ಸಂಗೀತ ಶಾಲೆಯ ಮುಂಬಾಗಿಲಲ್ಲಿ ಅಂಟುಹಾಳೆಯಿಂದ ಕತ್ತರಿಸಿದ ಮೊದಲ ಗೆರೆ ಅಂಟಿಸಿದೆವು. ಬೋರ್ಡಪ್ಪ ಏಣಿಯ ಮೇಲೆ, ನಾನು ಕೆಳಗೆ. ಎಷ್ಟೋ ವರ್ಷಗಳಿಂದ ನಮಗೆ ಫಲಕ ಮಾಡಿಕೊಡುವ ಮನುಷ್ಯ. ಆ ಹೆಸರಿಟ್ಟವನು ಅಣ್ಣ, ಈಗ ಬೋರ್ಡಪ್ಪನ ಹೆಂಡತಿಯೂ ಹಾಗೆಯೇ ಕರೆಯುತ್ತಾಳಂತೆ.

"ಸ್ವಲ್ಪ ಎಡಕ್ಕೆ," ಎಂದೆ.

"ಯಾರ ಎಡಕ್ಕೆ ಮೇಡಂ, ನಿಮ್ಮದೋ ನಂದೋ?"

ಅಣ್ಣ ಇದ್ದಿದ್ದರೆ ಇದಕ್ಕೊಂದು ಉತ್ತರ ಕೊಡುತ್ತಿದ್ದ. ನಾನು ಬೆರಳು ಮಾಡಿ ತೋರಿಸಿದೆ.

ಬರೆಯುವ ಅಭ್ಯಾಸ ನನ್ನದಲ್ಲ. ದಿನದ ಕೆಲಸ ಮುಗಿಸಿ ಚಹಾ ಹಿಡಿದು ಕೂತಾಗ ಅಂದಿನದನ್ನೆಲ್ಲ ಹೇಳಿಕೊಳ್ಳಲು ಅವನಿದ್ದ. ಮಾರ್ಚ್‌ನಲ್ಲಿ ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು ಬರುತ್ತೇನೆಂದು ಹೋದವನು ಡಾಕ್ಟರು ಕರೆಯುವ ಮೊದಲೇ, ಕಾಯುವ ಕುರ್ಚಿಯಲ್ಲಿ, ಮಡಿಲಲ್ಲಿ ಪತ್ರಿಕೆ ಇಟ್ಟುಕೊಂಡೇ ಹೊರಟುಹೋದ. ಪಕ್ಕದಲ್ಲಿದ್ದವರು ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಿದ್ದರಂತೆ.

ಹಾಗಾಗಿ ಇದು ಅವನ ಕೊನೆಯ ಕೆಲಸ. ಬಾಗಿಲಿನ ಆಕಾರಕ್ಕೆ ಬಾಗಿದ ಐದು ಗೆರೆ ಶಾಲೆಯ ಗುರುತು. ಅಲ್ಲಿಂದ ಆ ಐದೂ ಗೆರೆಗಳು ಗೋಡೆ ಹಿಡಿದು ಒಳಗೆ ಹರಿಯುತ್ತವೆ. ತೀರಾ ತೆಳುವಾದದ್ದು ಹಾಡುವವರ ಕೋಣೆಗೆ, ಅದಕ್ಕಿಂತ ಕೊಂಚ ದಪ್ಪದ್ದು ಕೊಳಲಿಗೆ, ಆಮೇಲೆ ಪಿಟೀಲು, ಪಿಯಾನೊ, ಎಲ್ಲಕ್ಕಿಂತ ದಪ್ಪದ್ದು ಡ್ರಮ್ಮಿಗೆ. ಕೊನೆಗೆ ದೊಡ್ಡ ಹಾಲಿನ ಗೋಡೆಯಲ್ಲಿ ಐದೂ ಮತ್ತೆ ಬಂದು ಸೇರುತ್ತವೆ. ಎಲ್ಲವೂ ಕಡುನೀಲಿ. ಬಾಣದ ಗುರುತಿಲ್ಲ, ಒಂದು ಅಕ್ಷರವೂ ಇಲ್ಲ. "ಸಂಗೀತ ಕಲಿಯೋಕೆ ಬರೋರಿಗೆ ಓದೋ ಕೆಲಸ ಯಾಕೆ ಕೊಡಬೇಕು? ಗೆರೆ ಹಿಡ್ಕೊಂಡು ಹೋಗಲಿ," ಅನ್ನುತ್ತಿದ್ದ. ಚಿತ್ರ ನೋಡಿಯೇ ಒಂದು ಪತ್ರಿಕೆಯವರು ಎರಡು ಪುಟ ಬರೆದರು.

ಕಟ್ಟಡಗಳಿಗೆ ದಾರಿ ತೋರಿಸುವ ಫಲಕ ಮಾಡುವುದು ನಮ್ಮಿಬ್ಬರ ಕೆಲಸ. ಅವನು ಯೋಚಿಸುತ್ತಿದ್ದ, ನಾನು ಅಳತೆ ಹಾಕುತ್ತಿದ್ದೆ. ಈಗ ಬರೀ ಅಳತೆ ಉಳಿದಿದೆ.

ಮನೆಗೆ ಬಂದಾಗ ಅತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದರು. ಅವರು ಮೇಲಿನ ಮನೆ, ನಾನು ಕೆಳಗಿನ ಮನೆ, ಕೆಳಗೆ ಮುಂದಿನ ಕೋಣೆಯೇ ನಮ್ಮ ಆಫೀಸು. "ಅವರು ಬರೆದ ಹಾಗೇ ಇದೆ ತಾನೆ?" ಎಂದರು. "ಹಾಗೇ ಇದೆ ಅತ್ತಿಗೆ." "ಒಂದು ಗೆರೇನೂ ಆಚೀಚೆ ಆಗಬಾರ್ದು." ಬಾಗಿಲು ಹಾಕಿಕೊಂಡರು.

ಜೂನ್ 9, ಸೋಮವಾರ

ಮಂಡಿ ನೋವು. ಹಿಂದಿನ ಕಟ್ಟಡದ ಗೋಡೆಗಳು ಮುಗಿಯುತ್ತಲೇ ಇಲ್ಲ.

ಜೂನ್ 14, ಶನಿವಾರ

ಈ ಶಾಲೆ ಮೊದಲು ಬಟ್ಟೆಯ ಗೋದಾಮು. ಇಳಿಜಾರಿನಲ್ಲಿ ಎರಡು ಕಟ್ಟಡ, ನಡುವೆ ಒಂದು ಸೇತುವೆ. ಹಿಂದಿನ ಕಟ್ಟಡ ಒಂದು ಮಹಡಿಯಷ್ಟು ತಗ್ಗಿನಲ್ಲಿ ಕೂತಿದೆ. ಮುಂದಿನ ಕಟ್ಟಡದ ಎರಡನೇ ಮಹಡಿಯಿಂದ ಸೇತುವೆ ದಾಟಿದರೆ ಹಿಂದಿನದರ ಮೂರನೇ ಮಹಡಿಗೆ ಕಾಲಿಡುತ್ತೇವೆ. ಒಂದು ಮೆಟ್ಟಿಲೂ ಹತ್ತಿರುವುದಿಲ್ಲ. ಬಟ್ಟೆಯ ಮೂಟೆಗಳಿಗೆ ಇದರಿಂದ ತೊಂದರೆ ಆಗಿರಲಿಕ್ಕಿಲ್ಲ.

ಪ್ರಿನ್ಸಿಪಾಲ್ ಮೇಡಂ ಇವತ್ತು ಜೊತೆಗೆ ನಡೆದರು. ಪಿಯಾನೊ ನುಡಿಸುತ್ತಿದ್ದವರು. ಮಾತನ್ನೂ ಬೆರಳಲ್ಲಿ ಬಾರಿಸಿದ ಹಾಗೆ ಆಡುತ್ತಾರೆ.

"ಯಾರಿಗಾದ್ರೂ ಶೌಚಾಲಯಕ್ಕೆ ಹೋಗಬೇಕು ಅಂತ ಇಟ್ಕೊಳ್ಳಿ. ಯಾವ ಗೆರೆ ಹಿಡೀಬೇಕು?"

ಅಣ್ಣ ಇದಕ್ಕೆ ಏನು ಹೇಳುತ್ತಿದ್ದನೋ ಅದನ್ನೇ ಹೇಳಿದೆ. ಕಟ್ಟಡವನ್ನು ಕಿವಿಯಿಂದ ಕಲಿಯುವ ಹಾಗೆ ಕಲಿಯಬೇಕು, ಮೊದಲ ದಿನ ತಪ್ಪಬಹುದು, ಮೂರನೇ ದಿನಕ್ಕೆ ಕಾಲಿಗೇ ಗೊತ್ತಾಗುತ್ತದೆ, ಇತ್ಯಾದಿ. ಅವನ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳುತ್ತಿತ್ತು. ನನ್ನ ಬಾಯಲ್ಲಿ ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡ ಹಾಗಿತ್ತು.

ಮೇಡಂ ಪೂರ್ತಿ ಕೇಳಿಸಿಕೊಂಡರು. "ಮೂರನೇ ದಿನದ ತನಕ ತಡ್ಕೊಳ್ಳೋಕೆ ಆಗಲ್ಲ ಕಣ್ರೀ ಎಲ್ಲಾರಿಗೂ," ಎಂದು ಹೊರಟರು.

ಬೋರ್ಡಪ್ಪ ಗೋಡೆಯ ಕಡೆ ತಿರುಗಿ ಕೆಮ್ಮಿದರು. ನಗುವನ್ನು ಕೆಮ್ಮಿನಲ್ಲಿ ಮುಚ್ಚಿದ್ದು ನನಗೆ ಗೊತ್ತಿಲ್ಲವೇ.

ಜೂನ್ 17, ಮಂಗಳವಾರ

ಶಾಲೆ ಶುರುವಾಗುವ ಮೊದಲೇ ಅರ್ಜಿ ಹಾಕಲು ಜನ ಬರುತ್ತಿದ್ದಾರೆ, ಗೋಡೆಯ ಮೇಲೆ ಕಾಗದಗಳು ಹುಟ್ಟಿಕೊಂಡಿವೆ. ಬಿಳಿ ಹಾಳೆ, ದಪ್ಪ ಪೆನ್ನು, ಅಂಟುಪಟ್ಟಿ. "ಕೊಳಲು ಈ ಕಡೆ." "ಡ್ರಮ್ ಕೆಳಗೆ, ಇಲ್ಲಿ ಅಲ್ಲ." ಒಂದರಲ್ಲಿ "ಇದು ಶೌಚಾಲಯವಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಆಫೀಸಿನ ಗುಮಾಸ್ತೆ ಅಂಟಿಸುತ್ತಾಳೆ, ನಾನು ಕೀಳುತ್ತೇನೆ. ನಾನು ಒಂದು ಮಹಡಿ ಕಿತ್ತು ಮುಗಿಸುವಷ್ಟರಲ್ಲಿ ಅವಳು ಇನ್ನೊಂದು ಮಹಡಿ ಅಂಟಿಸಿ ಮುಗಿಸಿರುತ್ತಾಳೆ. ಇಬ್ಬರೂ ಮೆಟ್ಟಿಲಲ್ಲಿ ಎದುರಾದರೆ ನಮಸ್ಕಾರ ಹೇಳಿಕೊಳ್ಳುತ್ತೇವೆ.

ಅಣ್ಣನಿಗೆ ನಾನು ಹೇಳಿದ್ದೆ. ಈ ಗೆರೆಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ವ್ಯತ್ಯಾಸ ನನ್ನ ಅಳತೆಪಟ್ಟಿಗೆ ಗೊತ್ತು, ನನ್ನ ಕಣ್ಣಿಗೇ ಗೊತ್ತಾಗುವುದಿಲ್ಲ ಎಂದು. "ನಿನ್ನ ಕಣ್ಣಿಗೆ ನಂಬಿಕೆ ಕಮ್ಮಿ," ಎಂದು ನಕ್ಕಿದ್ದ. ಅವನ ಜೊತೆ ಜಗಳ ಗೆದ್ದವರುಂಟೇ. ಈಗಂತೂ ಜಗಳಕ್ಕೂ ಸಿಗುವುದಿಲ್ಲ.

ಸುಸ್ತು. ಬೆನ್ನು, ಕಾಲು, ಎಲ್ಲ.

ಜೂನ್ 21, ಶನಿವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಸಂಜೆಯ ತರಗತಿಗಳಿಗೆ ಪ್ರವೇಶ ಪರೀಕ್ಷೆ. ದೊಡ್ಡವರಿಗೆ, ಕೆಲಸಕ್ಕೆ ಹೋಗುವವರಿಗೆ, ನಿವೃತ್ತಿಯಾದವರಿಗೆ. ಬೆಳಿಗ್ಗೆಯೇ ಹೋಗಿ ಕಾಗದಗಳನ್ನೆಲ್ಲ ಕಿತ್ತೆ. ಫೋಟೋ ತೆಗೆಯುವವರು ಬರುತ್ತಾರೆಂದಿದ್ದರು, ಗೋಡೆ ಚೊಕ್ಕಟವಾಗಿರಲಿ ಎಂದು. ಸೇತುವೆಯ ಬುಡದಲ್ಲಿ ಒಂದು ದೊಡ್ಡ ಹಾಳೆ ಇತ್ತು: "ಪರೀಕ್ಷೆ ಮುಂದಿನ ಕಟ್ಟಡ, ಮೂರನೇ ಮಹಡಿ. ಸೇತುವೆ ದಾಟಬೇಡಿ." ಅದನ್ನೂ ಕಿತ್ತೆ.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು. ಈಗತಾನೇ ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಾಕಿ ಬಾಚಿದ ತಲೆ, ಪಿಟೀಲಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. "ಪಿಟೀಲು ಪರೀಕ್ಷೆ ಎಲ್ಲಮ್ಮ?" ಎಂದು ಕೇಳಿದರು.

ಬಾಯಿಬಿಟ್ಟು ಇದೇ ಕಟ್ಟಡದ ಮೂರನೇ ಮಹಡಿ ಎನ್ನಬಹುದಿತ್ತು. ಅಣ್ಣನ ಗೆರೆ ಕೆಲಸ ಮಾಡಲೇಬೇಕು ಎಂಬ ಹಟ. "ಈ ಮಧ್ಯದ ಗೆರೆ ಹಿಡ್ಕೊಂಡು ಹೋಗಿ, ಸಿಗುತ್ತೆ," ಎಂದೆ.

ಮಧ್ಯಾಹ್ನ ಹಿಂದಿನ ಕಟ್ಟಡದಲ್ಲಿ ಅಂಚು ಎದ್ದ ಗೆರೆ ಒತ್ತಲು ಹೋದೆ. ಮೂರನೇ ಮಹಡಿಯಲ್ಲಿ, ಬೀಗ ಹಾಕಿದ ಒಂದು ಕೋಣೆಯ ಮುಂದೆ ಅವರು ಕೂತಿದ್ದರು. ಪೆಟ್ಟಿಗೆ ತೊಡೆಯ ಮೇಲೆ. ಕರೆದ ಕಾಗದದಲ್ಲಿ ಮೂರನೇ ಮಹಡಿ ಎಂದಿತ್ತು, ಬಾಗಿಲ ಮೇಲೂ ಮೂರು ಎಂಬ ಅಂಕಿ ಇತ್ತಲ್ಲ, ಸರಿಯಾದ ಜಾಗವೇ ಎಂದುಕೊಂಡು, ಕರೆಯುತ್ತಾರೆ ಎಂದು ಕಾದಿದ್ದಾರೆ. ಪರೀಕ್ಷೆ ಮುಗಿದು, ಪರೀಕ್ಷಕರು ಊಟ ಮಾಡಿ, ಮನೆಗೂ ಹೋಗಿದ್ದರು.

ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನನ್ನದೇ ಮಂದಬುದ್ಧಿ ಬಿಡಮ್ಮ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ಸೊಸೆ ಅಂದಳು. ಅವಳು ಹೇಳಿದ್ದೇ ಸರಿ." ಪೆಟ್ಟಿಗೆ ಎತ್ತಿಕೊಂಡು ಎದ್ದರು. ಹೊರಗೆ ಹೋಗುವ ದಾರಿಯೂ ಅವರಿಗೆ ತಿಳಿಯಲಿಲ್ಲ. ನಾನೇ ಬಿಟ್ಟುಬಂದೆ.

ದಾರಿ ತಪ್ಪಿದವರು ಕಟ್ಟಡವನ್ನು ಬೈಯುವುದಿಲ್ಲ. ತಮ್ಮನ್ನೇ ಬೈದುಕೊಳ್ಳುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಇದನ್ನು ಕಣ್ಣಾರೆ ನೋಡಿರಲಿಲ್ಲ.

ಜೂನ್ 24, ಮಂಗಳವಾರ

ಪ್ರಿನ್ಸಿಪಾಲ್ ಮೇಡಂ ಬಳಿ ಹೋಗಿ ನಡೆದದ್ದನ್ನು ಹೇಳಿದೆ, ಆ ಹಾಳೆ ಕಿತ್ತವಳು ನಾನೇ ಎಂಬುದನ್ನೂ ಸೇರಿಸಿ. ಆ ಪಿಟೀಲಿನವರಿಗೆ ಇನ್ನೊಂದು ಅವಕಾಶ ಕೊಡಿ ಎಂದೆ.

ಮೇಡಂ ಮೇಜಿನ ಮೇಲೆ ಬೆರಳು ಆಡಿಸಿದರು. "ಕೊಡ್ತೀನಿ. ಮುಂದಿನ ತಿಂಗಳು ಕರೀತೀನಿ. ಆದ್ರೆ ಒಂದು ಮಾತು. ಅವರು ಬಾಗಿಲಿಂದ ಪರೀಕ್ಷೆ ಕೋಣೆ ತನಕ ಯಾರನ್ನೂ ಕೇಳದೆ ಬರಬೇಕು. ಅಷ್ಟರೊಳಗೆ ಇದನ್ನ ಸರಿಮಾಡಿ. ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ನೋಡ್ತೀನಿ. ನಿಮ್ಮಣ್ಣ ದೊಡ್ಡ ಕಲಾವಿದರು ಕಣ್ರೀ. ನನಗೆ ಶಾಲೆ ನಡೆಸಬೇಕು."

ಆಗುತ್ತದೆ ಎಂದೆ. ಅತ್ತಿಗೆಗೆ ಇದನ್ನು ಹೇಗೆ ಹೇಳುವುದು.

ಜೂನ್ 28, ಶನಿವಾರ

ಹೇಳಿದೆ. ಹೇಳಬಾರದಿತ್ತು, ಆದರೆ ಹೇಳದೆ ಮಾಡುವಷ್ಟು ಧೈರ್ಯ ನನಗಿಲ್ಲ.

ಅತ್ತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವರು. ಎಂಥಾ ಅಳುಬುರುಕರ ಕೈಯನ್ನೂ ಗಟ್ಟಿಯಾಗಿ ಹಿಡಿಯುವ ಹೆಂಗಸು. ಇವತ್ತು ನನ್ನ ಮಾತು ಮುಗಿಯುವ ತನಕ ಹಿಡಿದ ಲೋಟವನ್ನು ಕೆಳಗಿಡಲಿಲ್ಲ.

"ಅಂದ್ರೆ ಅವರದ್ದನ್ನ ಕಿತ್ತುಹಾಕ್ತೀಯಾ?"

"ಬಾಗಿಲ ಮೇಲಿನ ಗುರುತು ಹಾಗೇ ಇರುತ್ತೆ ಅತ್ತಿಗೆ. ಗೋಡೆದು ಮಾತ್ರ…"

"ಗೋಡೆದು ಮಾತ್ರ! ಆ ಗೋಡೆಗೆ ಅಂತ ಅವರು ಎಷ್ಟು ರಾತ್ರಿ ನಿದ್ದೆಗೆಟ್ಟರು ನಿನಗೆ ಗೊತ್ತಾ? ನಾನು ನೋಡಿದೀನಿ. ಅವರಂತೂ ಹೋದ್ರು. ಅವರ ಕೈ ಗುರುತು ಒಂದು ಉಳಿದಿತ್ತು. ಅದನ್ನೂ ತಂಗಿಯೇ ಅಳಿಸ್ತಾಳಂತೆ."

"ಜನ ದಾರಿ ತಪ್ತಿದಾರೆ."

"ತಪ್ಪಲಿ. ನನಗೇನು ದಾರಿ ಸಿಕ್ಕಿದೆಯಾ?"

ಇಳಿದು ಬಂದೆ.

ಜುಲೈ 1, ಮಂಗಳವಾರ

ಅತ್ತಿಗೆಯ ಮಾತಿಲ್ಲ. ಚಾವಣಿಯ ಮೇಲೆ ಹೆಜ್ಜೆ ಸದ್ದು ಮಾತ್ರ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಹೊಸ ಹಾಳೆ ಹರಡಿಕೊಂಡು ಕೂತೆ. ಒಂದು ಗೆರೆಯೂ ಎಳೆಯಲಿಲ್ಲ.

ಜುಲೈ 5, ಶನಿವಾರ

ಮಧ್ಯಾಹ್ನ ಫೋನು. ಅತ್ತಿಗೆಯ ನಂಬರು.

"ನಾನೆಲ್ಲಿದೀನೋ ಗೊತ್ತಾಗ್ತಿಲ್ಲ ಕಣೇ," ಎಂದರು. "ಇಲ್ಲೊಂದು ದೊಡ್ಡ ಪಂಪು ಇದೆ."

"ಯಾವ ಪಂಪು? ಎಲ್ಲಿ ಹೋಗಿದೀರಿ?"

"ನಿನ್ನ ಶಾಲೆಗೇ."

ಓಡಿದೆ. ಆಟೋದಿಂದ ಇಳಿದು ಹಿಂದಿನ ಕಟ್ಟಡದ ತಳಕ್ಕೆ ಇಳಿದರೆ ನೀರಿನ ಪಂಪಿನ ಕೋಣೆ. ಅತ್ತಿಗೆ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು, ಕೈಚೀಲ ಮಡಿಲಲ್ಲಿ. ನನಗೆ ಹೇಳದೆ ಬಂದಿದ್ದಾರೆ. ದೊಡ್ಡ ಹಾಲಿನ ಗೋಡೆಯಲ್ಲಿ ಐದೂ ಗೆರೆ ಬಂದು ಸೇರುವ ಜಾಗವಿದೆಯಲ್ಲ, ಕೀಳುವ ಮೊದಲು ಅದನ್ನೊಮ್ಮೆ ನೋಡಿ, ಸಾಧ್ಯವಾದರೆ ಕೀಳದಂತೆ ಮೇಡಂಗೆ ಹೇಳಿ ಹೋಗುವುದೆಂದು. ಬಾಗಿಲಿಂದ ಗೆರೆ ಹಿಡಿದು ಹೊರಟರಂತೆ. ಒಂದು ತಿರುವಿನಲ್ಲಿ ಯಾವುದು ಯಾವುದೋ ಎಂದಾಯಿತಂತೆ. ಮನಸ್ಸಿಗೆ ಬಂದದ್ದನ್ನು ಹಿಡಿದು ಇಳಿದಿದ್ದಾರೆ.

ನಾನು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತದ್ದನ್ನು ನೋಡಿ ಅತ್ತಿಗೆಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ, ಡಬ್ಬಿ ಅಲುಗುವ ಹಾಗೆ. ಮಾರ್ಚ್‌ನ ಈಚೆಗೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಮದುವೆ ಮಾತಿಗೆ ಬರೋವಾಗ ನಿಮ್ಮಣ್ಣ ನಮ್ಮಪ್ಪನಿಗೆ ನಿಮ್ಮ ಮನೆ ದಾರಿ ಹೇಳಿದ್ದು ಏನಂತ ಗೊತ್ತಾ? ಹಳದಿ ಗೋಡೆ ಸಿಗುತ್ತೆ, ಅಲ್ಲಿ ನಿಂತು ನೋಡಿ, ಯಾವ ಬೀದಿ ಕರೆಯುತ್ತೋ ಆ ಕಡೆ ಬನ್ನಿ ಅಂತ! ನಮ್ಮಪ್ಪ ಬಿಸಿಲಲ್ಲಿ ನಿಂತು, ಯಾವ ಬೀದೀನೂ ಕರೀತಿಲ್ಲವಲ್ಲಮ್ಮ ಅಂತ ನನ್ನ ಮುಖ ನೋಡೋರು. ಆ ಹೊತ್ತಿಗೇ ಗೊತ್ತಾಗಬೇಕಿತ್ತು ನನಗೆ."

"ಗೊತ್ತಾಗಲಿಲ್ವಾ?"

"ಗೊತ್ತಾಯ್ತು. ಆದ್ರೂ ಬಂದೆ."

ಅಷ್ಟರಲ್ಲಿ ಪಂಪು ತಾನಾಗಿ ಚಾಲೂ ಆಯಿತು. ಗೋಡೆ ನಡುಗುವಂಥ ಸದ್ದು. ಅತ್ತಿಗೆಯ ಬಾಯಿ ಆಡುತ್ತಿತ್ತು, ಏನೂ ಕೇಳಿಸಲಿಲ್ಲ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆ ಸದ್ದಿನಲ್ಲಿ ಯಾರು ಎಷ್ಟು ಗಟ್ಟಿಯಾಗಿ ಅತ್ತರೂ ಯಾರಿಗೂ ಗೊತ್ತಾಗುವಂತಿರಲಿಲ್ಲ. ಇಬ್ಬರೂ ಅತ್ತೆವು.

ಟ್ಯಾಂಕು ತುಂಬಿ ಪಂಪು ನಿಂತಿತು. ಅತ್ತಿಗೆ ಮೂಗು ಒರೆಸಿಕೊಂಡರು.

"ಅಳಿಸು," ಎಂದರು. "ಆದ್ರೆ ನನ್ನ ಮುಂದೆ ಅಳಿಸಬೇಡ."

ಜುಲೈ 9, ಬುಧವಾರ

ಬೆಳಿಗ್ಗೆಯಿಂದ ಕಟ್ಟಡದಲ್ಲಿ ನಿಂತಿದ್ದೆ. ಕೆಲಸ ಏನೂ ಮಾಡಲಿಲ್ಲ, ಪ್ರವೇಶಕ್ಕೆಂದು ಬಂದುಹೋಗುವವರನ್ನು ನೋಡಿದೆ. ಬಾಗಿಲು ದಾಟಿದ ಕೂಡಲೇ ಯಾರೂ ಗೋಡೆ ನೋಡುವುದಿಲ್ಲ. ಚೀಲ ಸರಿಮಾಡಿಕೊಳ್ಳುತ್ತಾರೆ, ಫೋನು ನೋಡುತ್ತಾರೆ, ಮೆಟ್ಟಿಲ ಹತ್ತಿರ ಬಂದ ಮೇಲೆ ತಲೆ ಎತ್ತುತ್ತಾರೆ. ನಾವು ಬಾಗಿಲಲ್ಲಿ ಹೇಳಿದ್ದನ್ನು ಅವರು ಮೆಟ್ಟಿಲಲ್ಲಿ ಕೇಳುತ್ತಿದ್ದಾರೆ. ಸೇತುವೆಯ ಬುಡದಲ್ಲಿ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ, ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ. ಕತ್ತು ತಿರುಗುವ ಕಡೆಯೆಲ್ಲ ಒಂದು ಫಲಕ ಬೇಕು. ಬೇರೆ ಕಡೆ ಬೇಡವೇ ಬೇಡ.

ಅದಕ್ಕಿಂತ ಮುಖ್ಯವಾದದ್ದು ಊಟದ ಹೊತ್ತಿಗೆ ಹೊಳೆಯಿತು. ತಪ್ಪು ಇರುವುದು ಅಂಕಿಯಲ್ಲಿ. ಸೇತುವೆ ಮಟ್ಟಸವಾಗಿದೆ, ಮನುಷ್ಯ ಒಂದು ಮೆಟ್ಟಿಲೂ ಹತ್ತಿಲ್ಲ, ಎರಡನೇ ಮಹಡಿ ಮೂರನೆಯದಾಗಿಬಿಟ್ಟಿದೆ. ಎಷ್ಟು ಫಲಕ ಹಾಕಿದರೇನು. ಹಿಂದಿನ ಕಟ್ಟಡದ ನೆಲಮಟ್ಟವನ್ನು ಕೆಳಮಹಡಿ ಎಂದು ಕರೆದುಬಿಟ್ಟರೆ ಮೇಲಿನದೆಲ್ಲ ಒಂದೊಂದು ಇಳಿಯುತ್ತದೆ. ಸೇತುವೆಯ ಈಚೆಗೂ ಎರಡು, ಆಚೆಗೂ ಎರಡು.

ಮೇಡಂಗೆ ಹೇಳಿದರೆ ಹುಬ್ಬೇರಿಸಿದರು. "ಇರೋ ಮೂರನೇ ಮಹಡೀನ ಎರಡನೇದು ಅನ್ನಬೇಕಾ? ಕಾಗದಪತ್ರದಲ್ಲೆಲ್ಲ ಮೂರು ಅಂತಿದೆ."

"ಕಾಗದ ಸೇತುವೆ ದಾಟಲ್ಲ ಮೇಡಂ, ಜನ ದಾಟ್ತಾರೆ."

ಅವರು ನನ್ನನ್ನೇ ನೋಡಿದರು. "ಹೂಂ," ಎಂದರು. ಒಪ್ಪಿಗೆಯೋ ಬೈಗುಳವೋ ತಿಳಿಯದೆ ಹೊರಗೆ ಬಂದೆ. ಹಿಂದೆಯೇ ಗುಮಾಸ್ತೆ ಬಂದು "ಮೇಡಂ ಬಾಗಿಲ ಅಂಕಿಗಳನ್ನ ತೆಗೆಸು ಅಂದ್ರು" ಎಂದಳು.

ಕಾಲು ಊದಿಕೊಂಡಿದೆ. ಊಟ ತಣ್ಣಗಾದದ್ದು ಈಗ ನೋಡಿದೆ.

ಜುಲೈ 15, ಮಂಗಳವಾರ

ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ನೋಡಲು ಮನೆಯ ಮೆಟ್ಟಿಲನ್ನೇ ಬಳಸಿದೆವು. ಕೆಳಗಿನ ಗೋಡೆಗೆ ನಾನು ಅಕ್ಷರದ ಹಾಳೆ ಹಿಡಿದು ನಿಲ್ಲುವುದು, ಅತ್ತಿಗೆ ಕನ್ನಡಕ ತೆಗೆದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹತ್ತುವುದು.

"ಏನು ಕಾಣ್ತಿದೆ?"

"ಕೊಳಲು."

"ಇನ್ನೂ ಮೇಲೆ ಹೋಗಿ."

"ಇನ್ನೂ ಮೇಲೆ ಅಂದ್ರೆ ಟೆರೇಸು. ಈಗ ಕೊಳಲೋ ಕೊಡಲಿಯೋ ಗೊತ್ತಾಗ್ತಿಲ್ಲ."

ಅಕ್ಷರಗಳ ನಡುವೆ ಜಾಗ ಬಿಟ್ಟು, ಅವುಗಳ ಹೊಟ್ಟೆ ಅಗಲಮಾಡಿ ಮತ್ತೆ ಬರೆದೆ. ಟೆರೇಸಿನಿಂದಲೂ ಕೊಳಲಾಯಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಅತ್ತಿಗೆಗೆ ಕಣ್ಣಿನ ಪೊರೆಯೇ ಎಂದು ಕೇಳಿದರು.

ಬೋರ್ಡಪ್ಪ ಮಾದರಿ ನೋಡಿ ಮುಖ ಸಣ್ಣದು ಮಾಡಿದರು. "ತೀರಾ ಸಾದಾ ಆಯ್ತಲ್ವಾ ಮೇಡಂ? ಆಸ್ಪತ್ರೆ ಬೋರ್ಡಿನ ತರ ಇದೆ."

"ಆಸ್ಪತ್ರೇಲಿ ಏನು ಕೊರತೆ?" ಎಂದರು ಅತ್ತಿಗೆ ಮೇಲಿಂದ. ಬೋರ್ಡಪ್ಪ ಅಳತೆ ಬರೆದುಕೊಂಡರು.

ಸಾದಾ ಇದೆ, ನಿಜ. ಇದಕ್ಕೆ ಯಾವ ಪತ್ರಿಕೆಯೂ ಪುಟ ಕೊಡುವುದಿಲ್ಲ. ಬಿಳಿಯ ಮೇಲೆ ಕಡುನೀಲಿ ಅಕ್ಷರ, ಒಂದು ಬಾಣ, ಮಹಡಿಯ ಅಂಕಿ. ಮುಂದಿನ ಕಟ್ಟಡಕ್ಕೆ ಗಟ್ಟಿ ಅಂಚು, ಹಿಂದಿನದಕ್ಕೆ ಅಂಚಿಲ್ಲ. ಶೌಚಾಲಯದ ಫಲಕ ಎಲ್ಲಕ್ಕಿಂತ ದೊಡ್ಡದು. ಅದನ್ನು ಯಾರನ್ನೂ ಕೇಳದೆ ತೀರ್ಮಾನಿಸಿದೆ.

ಜುಲೈ 22, ಮಂಗಳವಾರ

ಗೆರೆಗಳನ್ನು ತೆಗೆದೆವು. ಬಿಸಿಗಾಳಿಯ ಯಂತ್ರ ಹಿಡಿದರೆ ಅಂಟು ಮೆತ್ತಗಾಗುತ್ತದೆ, ತುದಿ ಹಿಡಿದು ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಗೋಡೆಯ ಬಣ್ಣವೇ ಎದ್ದುಬರುತ್ತದೆ. ಬೋರ್ಡಪ್ಪ ಇವತ್ತು ಒಂದೂ ತಮಾಷೆ ಮಾಡಲಿಲ್ಲ.

ಸುತ್ತುತ್ತಾ ಹೋದ ಹಾಗೆ ದೊಡ್ಡ ನೀಲಿ ಉಂಡೆಯಾಯಿತು. ಇದನ್ನೇನು ಮಾಡಲಿ ಎಂದು ಬೋರ್ಡಪ್ಪ ಕೇಳಿದರು. ಬುಟ್ಟಿಗೆ ಹಾಕಿ ಎಂದೆ. ಹಾಕಿದರು.

ಗೋಡೆಯಲ್ಲಿ ಗೆರೆ ಇದ್ದ ಜಾಗ ಸ್ವಲ್ಪ ಬೆಳ್ಳಗೆ ಕಾಣುತ್ತಿತ್ತು. ನಾಳೆ ಬಣ್ಣದವರು ಬರುತ್ತಾರೆ.

ತೋಳು ಎತ್ತಲಾಗುತ್ತಿಲ್ಲ.

ಜುಲೈ 26, ಶನಿವಾರ

ಪಿಟೀಲಿನವರು ಬಂದರು. ಮೊದಲು ಒಲ್ಲೆ ಎಂದಿದ್ದರಂತೆ. ಮೇಡಂ ತಾವೇ ಫೋನು ಮಾಡಿ, "ನಿಮಗೋಸ್ಕರ ಅಲ್ಲ, ನಮ್ಮ ಬೋರ್ಡು ಪರೀಕ್ಷೆ ಮಾಡೋಕೆ ಬನ್ನಿ" ಎಂದರಂತೆ. ಜಾಣೆ.

ಮುಂದಿನ ಕಟ್ಟಡದ ಮೂರನೇ ಮಹಡಿಯ ಕೋಣೆಯಲ್ಲಿ ಮೇಡಂ, ನಾನು, ಇನ್ನೊಬ್ಬ ಪರೀಕ್ಷಕರು ಕಾದೆವು. ಬಾಗಿಲು ಮುಚ್ಚಿತ್ತು. ಕೆಳಗೆ ಗೇಟಿನ ಸದ್ದಾಯಿತು. ಆಮೇಲೆ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು, ಒಂದೇ ಸಮ. ಎರಡನೇ ಮಹಡಿಯಲ್ಲಿ, ಸೇತುವೆಯ ಬುಡದಲ್ಲಿ, ಸದ್ದು ನಿಂತಿತು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದೆ. ಮೇಡಂ ಅದನ್ನು ನೋಡಿಯೂ ನೋಡದವರ ಹಾಗಿದ್ದರು. ಸೇತುವೆಯ ಕಬ್ಬಿಣದ ಮೇಲೆ ನಡೆದರೆ ಠಣ್ ಎನ್ನುತ್ತದೆ. ಅದಕ್ಕಾಗಿ ಕಿವಿಗೊಟ್ಟೆ. ಠಣ್ ಅನ್ನಲಿಲ್ಲ. ಚಪ್ಪಲಿ ಮತ್ತೆ ಮೆಟ್ಟಿಲು ಹತ್ತಿತು.

ಬಾಗಿಲು ತಟ್ಟಿದರು.

ನುಡಿಸಿದರು. ಮೊದಲ ಸಲ ಎಡವಿದರು, "ಇನ್ನೊಂದು ಸಲ" ಎಂದು ತಾವೇ ಹೇಳಿ ಮತ್ತೆ ಶುರುಮಾಡಿದರು. ನನಗೆ ಸಂಗೀತ ಗೊತ್ತಿಲ್ಲ. ನಡುವೆ ಒಂದು ಕಡೆ ಮೇಡಂ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದ್ದು ನೋಡಿದೆ. ಕೊನೆಗೆ, "ಬೆರಳು ಬಿಗಿ ಇದೆ, ಸಡಿಲ ಮಾಡಿಸೋಣ. ಶ್ರುತಿ ಇದೆ. ಆಗಸ್ಟ್ ನಾಲ್ಕು, ಸೋಮವಾರ ಸಂಜೆ ಬನ್ನಿ," ಎಂದರು.

ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ, ಬರುವಾಗ ದಾರಿ ಹೇಗಿತ್ತು ಎಂದು.

"ದಾರಿ ಏನಮ್ಮ, ಸುಲಭವಾಗೇ ಇದೆ. ಹೋದ ಸಲ ನಾನೇ ಗಾಬರೀಲಿ ತಪ್ಪಿಸ್ಕೊಂಡಿದ್ದೆ. ಇವತ್ತು ಬುದ್ಧಿ ನೆಟ್ಟಗಿತ್ತು."

ನಮ್ಮ ಬೋರ್ಡನ್ನು ನೋಡಿದ ನೆನಪೇ ಅವರಿಗಿಲ್ಲ. ಇರಲಿ. ಸೊಸೆಗೆ ಫೋನು ಮಾಡುತ್ತಾ ಇಳಿದು ಹೋದರು, ಒಂದೇ ಕೈಯಲ್ಲಿ ಪೆಟ್ಟಿಗೆ ಬೀಸುತ್ತಾ.

ಆಗಸ್ಟ್ 2, ಶನಿವಾರ

ಶಾಲೆಯ ಉದ್ಘಾಟನೆ. ಭಾಷಣಗಳು. ಕುರ್ಚಿ ಸಾಲದೆ ಗೋಡೆಗೆ ಒರಗಿದ್ದೆ. ಅತ್ತಿಗೆ ನೀಲಿ ಉಟ್ಟು ಬಂದಿದ್ದರು. ಬಾಗಿಲ ಗಾಜಿನ ಮೇಲೆ ಅಣ್ಣನ ಗುರುತಿದೆ, ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡರು. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಆ ಗಾಜನ್ನು ಅಂಗೈಯಿಂದ ಮುಟ್ಟಿದ್ದನ್ನು ನಾನು ನೋಡಿದೆ.

ಚಹಾ ಕುಡಿಯುವಾಗ ದೊಡ್ಡ ಮನುಷ್ಯರೊಬ್ಬರು, ಯಾವುದೋ ಕಾಲೇಜಿನವರಂತೆ, ಮೆಟ್ಟಿಲ ಬಳಿಯ ಫಲಕ ನೋಡುತ್ತಾ ನಿಂತರು. "ನಮ್ಮಲ್ಲೂ ಎರಡು ಕಟ್ಟಡ, ಜನ ದಿನಾ ತಪ್ಪಿಸ್ಕೋತಾರೆ. ಇದನ್ನ ಯಾರು ಮಾಡಿದ್ದು?" ಎಂದು ನನ್ನನ್ನೇ ಕೇಳಿದರು.

"ನಮ್ಮ ಆಫೀಸಿಂದ. ನಮ್ಮಣ್ಣ ಇದರ…" ಎಂದು ಶುರುಮಾಡಿದೆ.

"ಬಾಗಿಲದ್ದು ನಮ್ಮ ಯಜಮಾನರದ್ದು," ಎಂದರು ಅತ್ತಿಗೆ, ಹಿಂದಿನಿಂದ ಬಂದು. "ಒಳಗಿನದೆಲ್ಲ ಇವಳು ಮಾಡಿದ್ದು. ನನ್ನ ನಾದಿನಿ. ನಂಬರ್ ಬರ್ಕೊಳ್ಳಿ."

ಆತ ಬರೆದುಕೊಂಡರು. ಅತ್ತಿಗೆ ಎರಡು ಸಲ ಓದಿಸಿ ನೋಡಿದರು, ರಕ್ತದ ಸೀಸೆಗೆ ಚೀಟಿ ಹಚ್ಚುವವರ ಹಾಗೆ.

ಬೆನ್ನುನೋವು. ಮಲಗುತ್ತೇನೆ.

ಆಗಸ್ಟ್ 4, ಸೋಮವಾರ

ತರಗತಿಗಳ ಮೊದಲ ದಿನ. ಎರಡನೇ ಮಹಡಿಯ ಒಂದು ಫಲಕದ ಸ್ಕ್ರೂ ಸಡಿಲವಾಗಿದೆ ಎಂದು ಗುಮಾಸ್ತೆ ಫೋನು ಮಾಡಿದ್ದಳು. ಬೋರ್ಡಪ್ಪ ಬೇರೆ ಕಡೆ ಇದ್ದರು, ನಾನೇ ಹೋಗಿ ಬಿಗಿಮಾಡಿದೆ. ಇಳಿಯುವಾಗ ಮೆಟ್ಟಿಲ ಬುಡದಲ್ಲಿ ನಿಂತೆ. ಜನ ಬರುತ್ತಲೇ ಇದ್ದರು, ಪೆಟ್ಟಿಗೆ, ಚೀಲ, ಮಡಚಿದ ಹಾಳೆ ಹಿಡಿದು. ತಲೆ ಎತ್ತುತ್ತಿದ್ದರು, ತಿರುಗುತ್ತಿದ್ದರು, ಹೋಗುತ್ತಿದ್ದರು. ಒಬ್ಬರೂ ನಿಲ್ಲಲಿಲ್ಲ.

ನಿಂತವಳು ನಾನೊಬ್ಬಳೇ. ಹಾಗಾಗಿ ನಡುವಯಸ್ಸಿನ ಗಂಡಸೊಬ್ಬರು, ಹೆಗಲಿಗೆ ಟ್ರಂಪೆಟ್ಟಿನ ಚೀಲ, ನನ್ನ ಹತ್ತಿರ ಬಂದರು.

"ದಾರಿ ತಪ್ಪಿತಾಮ್ಮ? ಎಲ್ಲಿಗೆ ಹೋಗಬೇಕಿತ್ತು?"

ಇಲ್ಲ, ಇದೆಲ್ಲ ನಾನೇ ಮಾಡಿದ್ದು ಎನ್ನಬಹುದಿತ್ತು. ಬಾಯಿ ಬೇರೆಯದನ್ನೇ ಹೇಳಿತು. "ದೊಡ್ಡ ಹಾಲಿಗೆ," ಎಂದೆ.

"ಬನ್ನಿ, ನಾನೂ ಅಲ್ಲಿಗೇ." ದಾರಿಯುದ್ದಕ್ಕೂ ಅವರೇ ತೋರಿಸಿಕೊಡುತ್ತಾ ಬಂದರು. "ಇಲ್ಲಿ ಸೇತುವೆ. ಆ ಕಡೆಯೂ ಎರಡನೇ ಮಹಡೀನೇ, ಗಾಬರಿ ಬೀಳಬೇಡಿ."

"ಹೌದಾ?" ಎಂದೆ.

ಹಾಲಿನಲ್ಲಿ ಹತ್ತಿಪ್ಪತ್ತು ಜನ ಕೂತು ವಾದ್ಯಗಳನ್ನು ಶ್ರುತಿ ಮಾಡಿಕೊಳ್ಳುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂತೆ. ಇಷ್ಟು ತಿಂಗಳು ಈ ಕಟ್ಟಡದ ಒಂದೊಂದು ಗೋಡೆಯನ್ನೂ ಅಳೆದಿದ್ದೇನೆ, ಒಂದು ದಿನವೂ ಕೂತು ಕೇಳಿರಲಿಲ್ಲ. ಅವರು ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸಿದರು, ತಪ್ಪಿದರು, ನಕ್ಕರು, ಮತ್ತೆ ಮೊದಲಿಂದ ಎತ್ತಿಕೊಂಡರು. ಚಪ್ಪಲಿ ಕಳಚಿ ಕಾಲನ್ನು ತಣ್ಣನೆಯ ನೆಲದ ಮೇಲಿಟ್ಟೆ.

ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಎಚ್ಚರವಾದಾಗ ಬಿಸಿ‌ಲು ಕಿಟಕಿಯಿಂದ ಈಚೆಗೆ ಸರಿದಿತ್ತು, ಅವರು ಇನ್ನೂ ಅದನ್ನೇ ನುಡಿಸುತ್ತಿದ್ದರು, ಈಗ ತಪ್ಪಿಲ್ಲದೆ. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.